ಒಂಟಿಕಾಲಿನ ಮೂವತ್ತು ಸೆಕೆಂಡು

ಸತ್ಯವತಿ ಮೇಡಂ ವಿಶಲ್ ಊದಿದರೆ ಎರಡು ರಸ್ತೆಯಾಚೆ ಸೊಪ್ಪಿನ ಗಾಡಿ ತಳ್ಳುವವನೂ ಒಂದು ಗಳಿಗೆ ನಿಂತುಬಿಡುತ್ತಾನೆ ಎಂದು ರಾಜಾಜಿನಗರದ ಆ ಶಾಲೆಯ ಹುಡುಗಿಯರು ಆಡಿಕೊಳ್ಳುತ್ತಿದ್ದರು. ಅಂಥವಳು ಆಗಸ್ಟ್ ತಿಂಗಳ ಒಂದು ಶನಿವಾರ ಸಂಜೆ, ಬಸವೇಶ್ವರನಗರದ ತನ್ನ ಮನೆಯ ಏಳನೆಯ ಮೆಟ್ಟಿಲ ಮೇಲೆ ಕಂಬಿ ಹಿಡಿದು ನಿಂತುಬಿಟ್ಟಳು. ಮೇಲೆ ಇನ್ನೂ ಹನ್ನೊಂದು ಮೆಟ್ಟಿಲಿದ್ದವು. ಕೈಯಲ್ಲಿ ವಲಯ ಮಟ್ಟದ ಖೋ ಖೋ ಕಪ್ಪಿತ್ತು.

"ಅಮ್ಮಾ, ಗೆದ್ರಾ?" ಮಗಳು ಅಮೂಲ್ಯಾ ಮೇಲಿನಿಂದ ಬಗ್ಗಿ ನೋಡಿದಳು.

"ಗೆದ್ವಿ ಕಣೇ! ಮೂವತ್ತೊಂದು ವರ್ಷಕ್ಕೆ ಮೊದಲ್ನೇ ಸಲ! ಬಾ, ಕಪ್ ಹಿಡ್ಕೋ."

"ನೀನೇ ತಗೊಂಡ್ಬಾ, ಸಾರಿಗೆ ಒಗ್ಗರಣೆ ಹಾಕ್ತಾ ಇದೀನಿ."

"ಬರಕ್ಕಾಗ್ತಿಲ್ಲ ಕಣೇ."

ಆ ಮಾತು ಹೊರಟ ಬಗೆಗೆ ಅಮೂಲ್ಯಾ ಸೌಟು ಹಿಡಿದೇ ಕೆಳಗಿಳಿದಳು. ಹಿಂದೆಯೇ ಗಂಡ ಲಕ್ಷ್ಮೀಪತಿಯೂ ಬಂದ. ಒಬ್ಬರು ಕಪ್ಪನ್ನೂ ಒಬ್ಬರು ಅವಳನ್ನೂ ಹಿಡಿದುಕೊಂಡು ಮೇಲಕ್ಕೆ ಹತ್ತಿಸಿದರು. ಬಲಗಡೆ ಸೊಂಟದ ಕೆಳಗಿನ ಚಪ್ಪೆಯ ಹೊರಭಾಗದಲ್ಲಿ ಹತ್ತು ತಿಂಗಳಿಂದ ಗೂಡು ಕಟ್ಟಿಕೊಂಡಿದ್ದ ನೋವು ಅವತ್ತು ಮನೆಯವರೆಲ್ಲರ ಕಣ್ಣೆದುರಿಗೆ ಬಂದು ಕೂತಿತು.

ಊಟಕ್ಕೆ ಕೂತಾಗ ಕಪ್ಪು ನೀರಿನ ಚೊಂಬಿನ ಪಕ್ಕದಲ್ಲಿತ್ತು. ಗೆಲುವಿನ ಸುದ್ದಿ ಎರಡು ತುತ್ತಿಗೆ ಮುಗಿದು ಮಾತು ಚಪ್ಪೆಗೆ ತಿರುಗಿತು. ಸತ್ಯವತಿಗೆ ಬರುವ ಮೇ ತಿಂಗಳಿಗೆ ನಿವೃತ್ತಿ. ಜಿಲ್ಲಾ ಮಟ್ಟದ ಪಂದ್ಯ ನವೆಂಬರಿನಲ್ಲಿ, ಕೆಂಗೇರಿಯ ಮೈದಾನದಲ್ಲಿ. ಮುಖ್ಯೋಪಾಧ್ಯಾಯ ಗುರುಸಿದ್ದಯ್ಯ ಕಪ್ಪಿಗೆ ಕೈಮುಗಿದು, ಆಮೇಲೆ ಅವಳ ಕುಂಟುನಡೆ ನೋಡಿ, ಮೆಲ್ಲಗೆ ಹೇಳಿದ್ದರು: "ಮೇಡಂ, ಎರಡು ದಿನ ಬಿಸಿಲಲ್ಲಿ ಮಕ್ಕಳ ಜೊತೆ ನಿಂತಿರ್ಬೇಕು. ನವೆಂಬರ್ ಐದಕ್ಕೆ ನಾನು ಹೆಸರು ಕಳಿಸ್ಬೇಕು. ಅಷ್ಟರಲ್ಲಿ ನೀವು ಬೆಳಗಿನ ಪ್ರಾಕ್ಟೀಸ್ ಪೂರ್ತಿ ಮಾಡಿಸೋ ಹಾಗಾದ್ರೆ ನೀವು. ಇಲ್ಲಾಂದ್ರೆ ಮಧ್ವೇಶ್ ಹೋಗ್ತಾರೆ."

"ಮಧ್ವೇಶ್ ಲೆಕ್ಕದ ಮೇಷ್ಟ್ರಲ್ವಾ?" ಅಂದ ಲಕ್ಷ್ಮೀಪತಿ.

"ಖೋ ಖೋದಲ್ಲಿ ಎಷ್ಟು ಜನ ಕೂತ್ಕೋತಾರೆ ಅಂತಾನೂ ಗೊತ್ತಿಲ್ಲ ಆ ಹುಡುಗನಿಗೆ. ಅವನೇ ಬಂದು, ಮೇಡಂ ದಯವಿಟ್ಟು ಹುಷಾರಾಗಿ ಅಂತ ಕೈ ಮುಗ್ದ."

"ಇದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರ?" ಅಮೂಲ್ಯಾ ಎಡಗೈಯಲ್ಲಿ ಫೋನು ತಿರುಗಿಸಿ ತೋರಿಸಿದಳು. ಅದರಲ್ಲಿ ಬಿಳಿಗೂದಲಿನ ಹೆಂಗಸೊಬ್ಬಳು ಬೆಟ್ಟ ಹತ್ತುತ್ತಿದ್ದಳು. "ಸ್ಟೆಮ್ ಸೆಲ್. ಒಂದೇ ಇಂಜೆಕ್ಷನ್. ಒಂದೇ ದಿನ."

"ಒಂದೇ ದಿನದಲ್ಲಿ ಆಗೋದು ಮೊಸರು ಮಾತ್ರ," ಅಂದ ಲಕ್ಷ್ಮೀಪತಿ. ಪಿಯು ಕಾಲೇಜಿನಲ್ಲಿ ಮೂವತ್ತನಾಲ್ಕು ವರ್ಷ ರಸಾಯನಶಾಸ್ತ್ರ ಹೇಳಿ ನಿವೃತ್ತನಾದವನು. ಅಳೆಯದ ಯಾವುದನ್ನೂ ನಂಬುವವನಲ್ಲ.

ಅಷ್ಟು ಹೊತ್ತೂ ಸುಮ್ಮನೆ ಮಜ್ಜಿಗೆ ಅನ್ನ ಕಲೆಸುತ್ತಿದ್ದ ಅವನ ತಾಯಿ ನರಸಮ್ಮ ತಲೆ ಎತ್ತಿದರು. ಎಂಬತ್ತಮೂರು ವರ್ಷ. ಅವರ ಕಷಾಯಕ್ಕೆ ಆ ಬ್ಲಾಕಿನಲ್ಲೇ ಹೆಸರಿತ್ತು.

"ಬೆಟ್ಟಾನೂ ಬೇಡ, ಬೆಣ್ಣೇನೂ ಬೇಡ. ಮಂಗಳವಾರ, ಶುಕ್ರವಾರ ನನ್ನ ಕಷಾಯ ಕುಡೀಲಿ. ಎದ್ದು ಓಡ್ಲಿಲ್ಲ ಅಂದ್ರೆ ನನ್ನ ಹೆಸರು ನರಸಮ್ಮ ಅಲ್ಲ."

"ಹಾಗಾದ್ರೆ ಏನು ಹೆಸರಿಡೋದು ಅಜ್ಜಿ? ಈಗ್ಲೇ ಹೇಳ್ಬಿಡು," ಅಂದಳು ಅಮೂಲ್ಯಾ.

"ಥೂ ಮುಂಡೇದೆ, ಮೊದ್ಲು ಆ ಫೋನ್ ಇಟ್ಟು ಊಟ ಮಾಡು."

ಮುಂದಿನ ವಾರ ಡಾಕ್ಟರ್ ಚೇತನಾ ಅವರ ಕ್ಲಿನಿಕ್ಕಿನಲ್ಲಿ ನಡೆದದ್ದು ಸತ್ಯವತಿಗೆ ಯಾವುದೋ ಆಯ್ಕೆ ಪಂದ್ಯದ ಹಾಗೆ ಕಂಡಿತು. ಡಾಕ್ಟರು ಒತ್ತಿ ನೋಡಿದರು, ಕಾಲು ತಿರುಗಿಸಿ ನೋಡಿದರು, ಸ್ಕ್ಯಾನ್ ಮಾಡಿದರು. ಕೊನೆಗೆ ಹೇಳಿದರು: "ಬಲಗಾಲ ಮೇಲೆ ಮಾತ್ರ ನಿಂತ್ಕೊಳಿ ಮೇಡಂ. ಮೂವತ್ತು ಸೆಕೆಂಡು."

ಮೂವತ್ತು ಸೆಕೆಂಡು ಯಾವ ಲೆಕ್ಕ! ಸತ್ಯವತಿ ಎಡಗಾಲು ಎತ್ತಿದಳು. ಐದಕ್ಕೆ ಚಪ್ಪೆಯಲ್ಲಿ ಕೆಂಡ ಇಟ್ಟಂತಾಯಿತು. ಒಂಬತ್ತಕ್ಕೆ ಅವಳ ಕೈ ತಾನಾಗಿ ಮೇಜು ಹಿಡಿಯಿತು.

"ಕೀಲು ಚೆನ್ನಾಗಿದೆ, ಅದು ಒಳ್ಳೇ ಸುದ್ದಿ," ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದರು. "ಸೊಂಟದ ಮಾಂಸಖಂಡನ ಈ ಮೂಳೆಗೆ ಕಟ್ಟಿಹಾಕಿರೋ ಹಗ್ಗದ ಥರದ್ದು ಒಂದಿದೆ. ಅದು ಎಳೆ ಎಳೆಯಾಗಿ ಸವೆದಿದೆ. ಸ್ಟೆರಾಯ್ಡ್ ಕೊಟ್ರೆ ಒಂದೇ ವಾರದಲ್ಲಿ ಓಡಾಡ್ತೀರ. ಆದ್ರೆ ಕೆಲವು ತಿಂಗಳಲ್ಲಿ ನೋವು ತಿರುಗಿ ಬರೋದೇ ಜಾಸ್ತಿ."

"ಸ್ಟೆಮ್ ಸೆಲ್ ಡಾಕ್ಟ್ರೇ?" ಅಮೂಲ್ಯಾ ಕೇಳಿದಳು.

"ಈ ನೋವಿಗೆ ಅದು ಕೆಲಸ ಮಾಡತ್ತೆ ಅಂತ ಇನ್ನೂ ಸಾಬೀತಾಗಿಲ್ಲ. ನಾನು ಮಾಡಲ್ಲ. ಸಕ್ಕರೆ ನೀರಿನ ಇಂಜೆಕ್ಷನ್ ಅಂತಾನೂ ಇದೆ, ಅದಕ್ಕೂ ಪುರಾವೆ ಕಡಿಮೆ. ಪಿ.ಆರ್.ಪಿ. ಅಂತ ಒಂದಿದೆ. ನಿಮ್ಮದೇ ರಕ್ತ ತೆಗೆದು, ಮಿಷನ್ನಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರೋ ಭಾಗಾನ ಆ ಹಗ್ಗದ ಹತ್ರ ಬಿಡೋದು. ಕೆಲವರಿಗೆ ಚೆನ್ನಾಗಿ ಆಗಿದೆ. ಕೆಲವರಿಗೆ ಏನೂ ಆಗಿಲ್ಲ. ಗ್ಯಾರಂಟಿ ಕೊಡಲ್ಲ. ಆದ್ರೆ ಅದಕ್ಕೂ ಮೊದ್ಲು ಆರು ವಾರ ವ್ಯಾಯಾಮ. ಇಂಜೆಕ್ಷನ್ ಆದ್ಮೇಲೂ ವ್ಯಾಯಾಮ. ಅದನ್ನ ಬಿಟ್ಟು ಇದೊಂದೇ ಅಂದ್ರೆ ಪ್ರಯೋಜನ ಇಲ್ಲ. ನೋವಿನ ಮಾತ್ರೆ ಏನಾದ್ರೂ ತಗೋತೀರಾ?"

"ಒಂದೂ ಇಲ್ಲ," ಸತ್ಯವತಿ ಹೆಮ್ಮೆಯಿಂದ ಹೇಳಿದಳು. "ನಮ್ಮತ್ತೆ ಕಷಾಯ ಅಷ್ಟೇ."

"ಒಳ್ಳೇದು," ಅಂದರು ಡಾಕ್ಟರು.

ಫಿಸಿಯೋಥೆರಪಿಸ್ಟ್ ಅರುಣ್ ಕುಮಾರ್ ಕಡಿಮೆ ಮಾತಿನ ಮನುಷ್ಯ. ಮೊದಲ ದಿನ ಹತ್ತು ನಿಮಿಷ ಅವಳನ್ನು ಸುಮ್ಮನೆ ನಿಲ್ಲಿಸಿ ನೋಡಿದ. ಆಮೇಲೆ ಹೇಳಿದ: "ಮೇಡಂ, ವಿಶಲ್ ಬಾಯಲ್ಲಿಟ್ಕೊಂಡು ಮೈದಾನದಲ್ಲಿ ಹೇಗೆ ನಿಲ್ತೀರ, ಹಾಗೆ ನಿಂತ್ಕೊಳಿ."

ಸತ್ಯವತಿ ಎಡಗೈ ಸೊಂಟಕ್ಕಿಟ್ಟು, ಎಡಗಾಲು ಸಡಿಲ ಬಿಟ್ಟು, ಮೈಭಾರವನ್ನೆಲ್ಲ ಬಲಚಪ್ಪೆಗೆ ಒರಗಿಸಿ ನಿಂತಳು.

"ಎಷ್ಟು ವರ್ಷದಿಂದ ಹೀಗೆ?"

"ಮೂವತ್ತೊಂದು."

"ಹೀಗೆ ನಿಂತಾಗೆಲ್ಲ ಆ ಹಗ್ಗ ಮೂಳೆ ಮೇಲೆ ಒತ್ಕೊಳತ್ತೆ. ಇನ್ಮೇಲೆ ಸೊಂಟ ಬೀಳಿಸ್ಬೇಡಿ. ಕಾಲ ಮೇಲೆ ಕಾಲು ಬೇಡ, ನೆಲದಲ್ಲಿ ಚಕ್ಕಳಮಕ್ಕಳ ಬೇಡ, ಮಲಗೋವಾಗ ಮಂಡಿ ಮಧ್ಯೆ ದಿಂಬು."

ಆ ಮೂರು ಬೇಡಗಳು ಮನೆಯನ್ನು ತಲೆಕೆಳಗು ಮಾಡಿದವು. ಕೂತು ತರಕಾರಿ ಹೆಚ್ಚುವ ಈಳಿಗೆಮಣೆ ಅಟ್ಟ ಸೇರಿತು. ಬಗ್ಗಿ ರಂಗೋಲಿ ಹಾಕುವ ಕೆಲಸ ಲಕ್ಷ್ಮೀಪತಿಯ ಪಾಲಿಗೆ ಬಂತು. ಅವನು ಮೊದಲ ದಿನ ಗೇಟಿನ ಮುಂದೆ ಒಂದು ಮೊಳೆ, ಒಂದು ದಾರ ಇಟ್ಟುಕೊಂಡು ಕೂತ. ಮುಕ್ಕಾಲು ಗಂಟೆಯಾದ ಮೇಲೆ ಆರು ವೃತ್ತಗಳು ಒಂದನ್ನೊಂದು ಮುಟ್ಟಿಕೊಂಡು ನಿಂತವು. ಎದುರು ಮನೆಯವರು ವಾಕಿಂಗ್ ನಿಲ್ಲಿಸಿ, "ಸಾರ್, ಇದು ರಂಗೋಲಿನೋ, ಬೆಂಜೀನೋ?" ಎಂದು ಕೇಳಿದರು. ಅವನು ಖುಷಿಯಿಂದ, "ನೋಡಿದ್ರಾ, ಗೊತ್ತಾಯ್ತಲ್ಲ!" ಅಂದ.

ಸತ್ಯವತಿ ಒಲೆಯ ಮುಂದೆ ದೋಸೆ ಹುಯ್ಯುತ್ತ ಮರೆತು ಬಲಕ್ಕೆ ಒರಗಿದರೆ ಸಾಕು, ಹಜಾರದಿಂದ ಕೂಗು ಬರುತ್ತಿತ್ತು: "ಅಮ್ಮಾ, ಸೊಂಟ!" ನಾಲ್ಕು ದಿನಕ್ಕೆ ಆ ಕೂಗು ನರಸಮ್ಮನಿಗೂ ಅಂಟಿತು. ದೇವರ ಮನೆಯಿಂದ, ವಿಷ್ಣುಸಹಸ್ರನಾಮದ ನಡುವೆ ಒಂದು ಉಸಿರಿಗೆ ಜಾಗ ಮಾಡಿಕೊಂಡು, "ಸೊಂಟ ಕಣೇ!" ಅನ್ನುತ್ತಿದ್ದರು. ಮುಂದಿನ ನಾಮಕ್ಕೆ ಹೋಗುತ್ತಿದ್ದರು.

ಫ್ರಿಜ್ಜಿನ ಬಾಗಿಲಿಗೆ ಗ್ರಾಫ್ ಹಾಳೆ ಬಂತು. ಲಕ್ಷ್ಮೀಪತಿ ದಿನಕ್ಕೆ ಮೂರು ಸಲ ಪೆನ್ಸಿಲ್ ಹಿಡಿದು ನಿಲ್ಲುತ್ತಿದ್ದ.

"ನೋವು ಎಷ್ಟು? ಸೊನ್ನೆಯಿಂದ ಹತ್ತರ ಒಳಗೆ."

"ಆರು."

"ನಿನ್ನೆ ಆರೂವರೆ ಅಂದಿದ್ದೆ. ಇದು ಅದಕ್ಕಿಂತ ಕಮ್ಮಿ ಅಂತ ಖಾತ್ರಿನಾ?"

"ರೀ, ಸಾಂಬಾರ್ ತಳ ಹಿಡೀತಾ ಇದೆ. ಐದು ಮುಕ್ಕಾಲು ಅಂತ ಬೇಕಾದ್ರೂ ಹಾಕ್ಕೊಳಿ, ಹೋಗಿ."

ಆರು ವಾರ ಹೀಗೆ ನಡೆಯಿತು. ಬೆಳಗ್ಗೆ ಮಂಚದ ಮೇಲೆ ಮಲಗಿ ಸೊಂಟ ಎತ್ತುವುದು, ಕಾಲಿಗೆ ರಬ್ಬರ್ ಪಟ್ಟಿ ಸಿಕ್ಕಿಸಿಕೊಂಡು ಹಜಾರದ ಈ ಗೋಡೆಯಿಂದ ಆ ಗೋಡೆಗೆ ಏಡಿಯ ಹಾಗೆ ಪಕ್ಕಕ್ಕೆ ನಡೆಯುವುದು. ಕೊನೆಗೆ ಗೋಡೆ ಗಡಿಯಾರದ ಕೆಳಗೆ ಒಂಟಿಕಾಲು. ಒಂಬತ್ತು ಹನ್ನೆರಡಾಯಿತು, ಹನ್ನೆರಡು ಹದಿನೇಳಾಯಿತು. ಹದಿನೇಳಕ್ಕೆ ನಿಂತುಹೋಯಿತು. ಮೂರು ದಿನ ಹದಿನೇಳು, ನಾಲ್ಕನೇ ದಿನ ಹದಿನೈದು.

ಸೆಪ್ಟೆಂಬರ್ ಕೊನೆಗೆ ಡಾಕ್ಟರು ನೋಡಿ, "ಸರಿ, ಪಿ.ಆರ್.ಪಿ. ಪ್ರಯತ್ನ ಮಾಡೋಣ. ಬರೋ ಸೋಮವಾರ," ಅಂದರು. ಮನೆಯಲ್ಲಿ ಮದುವೆ ನಿಶ್ಚಯವಾದಷ್ಟು ಗದ್ದಲ. ಅಮೂಲ್ಯಾ ಬ್ಯಾಂಕಿಗೆ ರಜೆ ಹಾಕಿದಳು. ಆಟದ ತಂಡದ ನಾಯಕಿ, ಲಗ್ಗೆರೆಯ ಧನ್ಯಶ್ರೀ ಎಂಬ ಹುಡುಗಿ, ಫೋನಿನಲ್ಲಿ ಒಂದೇ ಉಸಿರಿಗೆ ಕೇಳಿದಳು: "ಮೇಡಂ, ನಿಮ್ಮ ರಕ್ತಾನೇ ತೆಗೆದು ನಿಮಗೇ ಹಾಕ್ತಾರಂತೆ, ನಿಜಾನಾ? ನಾವೆಲ್ಲ ಇಲ್ಲಿ ಜಿಗಿದಾಡ್ತಾ ಇದೀವಿ ಮೇಡಂ!"

ಸತ್ಯವತಿಗೂ ಎದೆ ಜಿಗಿದಾಡುತ್ತಿತ್ತು. ಎದೆಯಲ್ಲಿ ಉರಿಯೂ ಇತ್ತು. ಎರಡು ತಿಂಗಳಿಂದ ಬಿಡದ ಹುಳಿತೇಗು. ಸಾಂಬಾರಿನ ಖಾರ ಎಂದುಕೊಂಡು ಅದನ್ನು ಯಾರಿಗೂ ಹೇಳಿರಲಿಲ್ಲ.

ಆ ಶುಕ್ರವಾರ ಲಕ್ಷ್ಮೀಪತಿಗೆ ಹಲ್ಲುನೋವು. ಬೆಳಗಿನಿಂದ ಕೆನ್ನೆಗೆ ಕೈ ಒತ್ತಿಕೊಂಡು ಓಡಾಡುತ್ತಿದ್ದವನು ಸಂಜೆ ಐದಕ್ಕೆ, ಸೊಸೆಗೆಂದು ನರಸಮ್ಮ ತಟ್ಟೆ ಮುಚ್ಚಿಟ್ಟಿದ್ದ ಕಷಾಯವನ್ನು ಗಟಗಟ ಕುಡಿದುಬಿಟ್ಟ.

"ಅಯ್ಯೋ ಅದು ಅವಳದ್ದು ಕಣೋ!" ನರಸಮ್ಮ ಅಡುಗೆಮನೆಯಿಂದ ಕೂಗಿದರು. ಎಂದೂ ಇಲ್ಲದ ಗಾಬರಿ ಆ ದನಿಯಲ್ಲಿ.

"ಶುಂಠಿ, ಅಮೃತಬಳ್ಳಿ, ಬೆಲ್ಲ. ಏನಾಗತ್ತೆ ಬಿಡಮ್ಮ."

ಆರು ಗಂಟೆಗೆ ಅವನ ಹಲ್ಲುನೋವು ಮಾಯ. ಸುಮ್ಮನೆ ಕೂರುವ ಆಸಾಮಿಯೇ? ಫ್ರಿಜ್ಜಿನ ಮುಂದೆ ಹೋಗಿ ನಿಂತ. ಮೂಗಿನ ತುದಿಯವರೆಗೆ ಕನ್ನಡಕ ಇಳಿಸಿ ಏಳು ವಾರದ ಗೆರೆಯನ್ನು ಬೆರಳಿನಲ್ಲಿ ಸವರಿಕೊಂಡು ಬಂದ. ಏರು, ಇಳಿತ, ಏರು, ಇಳಿತ. ಇಳಿತಗಳೆಲ್ಲ ಮಂಗಳವಾರ ಮತ್ತು ಶುಕ್ರವಾರದ ಸಂಜೆ. ಆರಿನಿಂದ ಎರಡಕ್ಕೆ, ಒಂದೇ ಗಂಟೆಯಲ್ಲಿ. ಬುಧವಾರ, ಶನಿವಾರ ಮಧ್ಯಾಹ್ನಕ್ಕೆ ಮತ್ತೆ ಆರು.

"ಗಿಡಮೂಲಿಕೆ ಗಡಿಯಾರ ನೋಡ್ಕೊಂಡು ಕೆಲಸ ಮಾಡಲ್ಲ," ಅಂದ ಮೆಲ್ಲಗೆ. "ಅಮೂ, ಇಲ್ಲಿ ಬಾ. ಒಣಕಸ ಹೊರಗಿಟ್ಯಾ?"

"ನಾಳೆ ಬೆಳಗ್ಗೆ ಅಲ್ವಾ ಬರೋದು ಗಾಡಿ. ಯಾಕಪ್ಪಾ?"

ಅವರಿಬ್ಬರೂ ಬಾಲ್ಕನಿಯಲ್ಲಿ ಒಣಕಸದ ಚೀಲ ಸುರಿದುಕೊಂಡು ಕೂತರು. ಹಾಲಿನ ಪೊಟ್ಟಣ, ಬಿಸ್ಕತ್ತಿನ ಕಾಗದ, ಅವುಗಳ ನಡುವೆ, ನಾಲ್ಕಾಗಿ ಮಡಿಸಿ ಹಳೆಯ ಪಂಚಾಂಗದ ಹಾಳೆಯಲ್ಲಿ ಸುತ್ತಿದ್ದ ಒಂದು ಮಾತ್ರೆಯ ಖಾಲಿ ಪಟ್ಟಿ. ಅಮೂಲ್ಯಾ ಹೆಸರು ಓದಿದಳು. ನರಸಮ್ಮನ ಮಂಡಿನೋವಿಗೆ ಡಾಕ್ಟರು ಐದು ವರ್ಷದಿಂದ ಬರೆದುಕೊಡುತ್ತಿದ್ದ ನೋವಿನ ಮಾತ್ರೆ.

ರಾತ್ರಿಯ ಚಪಾತಿ ಹಿಟ್ಟು ಕಲೆಸುತ್ತಿದ್ದ ಸತ್ಯವತಿಯ ಮುಂದೆ ಅವನು ಆ ಪಟ್ಟಿ ಇಟ್ಟ. ಅವಳಿಗೆ ಅರ್ಥವಾಗಲು ಹಿಟ್ಟಿನ ಕೈ ತೊಳೆದುಕೊಳ್ಳುವಷ್ಟು ಹೊತ್ತು ಹಿಡಿಯಿತು. ಅರ್ಥವಾದಾಗ ನಿಂತಲ್ಲೇ ಕೂಗಿದಳು:

"ಅತ್ತೇ!"

ನರಸಮ್ಮ ಗೋಡೆ ಹಿಡಿದು ಬಂದರು. ಪಟ್ಟಿ ನೋಡಿದರು. ಕೂತುಕೊಳ್ಳಲು ಕುರ್ಚಿ ಹುಡುಕಿದರು.

"ಕುಟ್ಟಾಣೀಲಿ ಕುಟ್ಟಿ ಹಾಕ್ತಿದ್ದೆ," ಅಂದರು. "ಪುಡಿ ಕಾಣ್ಬಾರ್ದು ಅಂತ ಬೆಲ್ಲ ಜಾಸ್ತಿ."

"ಡಾಕ್ಟರ ಮುಂದೆ ಎದೆ ತಟ್ಕೊಂಡು ಒಂದೂ ಮಾತ್ರೆ ಇಲ್ಲ ಅಂದೆ ನಾನು! ಸೋಮವಾರ ಇಂಜೆಕ್ಷನ್! ನೋವಿನ ಮಾತ್ರೆ ಮೈಯಲ್ಲಿದ್ರೆ ಆ ರಕ್ತ ಮಾಡೋ ಕೆಲಸಾನೇ ಮಾಡಲ್ವಂತೆ, ಎರಡು ವಾರ ಮುಂಚಿಂದ ಮುಟ್ಟಬಾರ್ದು ಅಂತ ಚೀಟೀಲಿ ಬರ್ದಿದಾರೆ. ಇನ್ನು ಎರಡು ವಾರ ಮುಂದಕ್ಕೆ ಹೋಯ್ತು. ನವೆಂಬರ್ ಐದು ನಿಮಗೆ ಮುಂದಕ್ಕೆ ಹೋಗತ್ತಾ? ಎದೆ ಉರಿ ಉರಿ ಅಂತ ಒದ್ದಾಡ್ತಿದ್ನಲ್ಲ, ಅದೂ ಇದೇನಾ?"

"ನಿನ್ನ ಎದೆ ಉರಿ ನಂಗೇನು ಗೊತ್ತಿತ್ತು? ಬಾಯಿ ಬಿಟ್ಟು ಹೇಳ್ದ್ಯಾ?"

"ಅಮ್ಮ, ನೀನು ಮಾಡಿದ್ದು ತಪ್ಪು," ಅಂದ ಲಕ್ಷ್ಮೀಪತಿ, ಪರೀಕ್ಷಾ ಕೊಠಡಿಯಲ್ಲಿ ಚೀಟಿ ಹಿಡಿದ ಮೇಷ್ಟರ ದನಿಯಲ್ಲಿ. "ನನ್ನ ಏಳು ವಾರದ ಗ್ರಾಫು ಪೂರ್ತಿ ಹಾಳು."

"ನಿನ್ನ ಗ್ರಾಫಿಗೆ ಬೆಂಕಿ ಬೀಳ!" ನರಸಮ್ಮ ಎದ್ದೇಬಿಟ್ಟರು. "ಕುಂಟ್ಕೊಂಡು ಬಂದು ಕುಂಟ್ಕೊಂಡು ಅನ್ನ ಬಡಿಸ್ತಿದ್ಲು, ಅದನ್ನ ನೀನು ಪೆನ್ಸಿಲ್ಲಲ್ಲಿ ಬರ್ಕೊಂಡೆ. ನಾನು ಏನಾದ್ರೂ ಮಾಡ್ದೆ!"

"ಅಜ್ಜಿ," ಅಮೂಲ್ಯಾ ಪಟ್ಟಿಯ ತೂತುಗಳನ್ನು ನೋಡುತ್ತ ಕೇಳಿದಳು. "ತಿಂಗಳಿಗೆ ಎರಡು ಪಟ್ಟಿ ತಾನೇ ನಿಂಗೆ ತಂದ್ಕೊಡೋದು? ಅಮ್ಮಂಗೂ ಹಾಕಿ, ಬೀದಿಯವರ ಕಷಾಯಕ್ಕೂ ಹಾಕಿದ್ರೆ ನೀನೇನು ತಗೋತಿದ್ದೆ?"

ನರಸಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡರು.

"ಬೀದಿಯವರಿಗೆ ಹಾಕ್ಲಿಲ್ಲ. ಅವರಿಗೆ ಬರೀ ಶುಂಠೀನೇ. ಅದಕ್ಕೇ ವಾಸಿಯಾಯ್ತು ಅಂತಾರೆ, ನಾನೇನ್ಮಾಡ್ಲಿ. ಇವಳಿಗೆ ಮಾತ್ರ ಶುಂಠಿ ನಾಟ್ಲಿಲ್ಲ." ಆಮೇಲೆ, ನೆಲ ನೋಡುತ್ತ, "ನನ್ನ ಕಾಲು ಎಲ್ಲಿಗೆ ಹೋಗ್ಬೇಕು? ದೇವರ ಮನೆಯಿಂದ ಅಡುಗೆಮನೆಗೆ. ಇವಳ ಕಾಲು ಮೂವತ್ತು ಹುಡುಗೀರ ಹಿಂದೆ ಓಡ್ಬೇಕು," ಅಂದರು.

ಸತ್ಯವತಿ ಮತ್ತೆ ಹಿಟ್ಟಿನ ಕಡೆ ತಿರುಗಿದಳು. ಅವಳ ಕೋಪ ಇನ್ನೂ ಇಳಿದಿರಲಿಲ್ಲ. ಅದರ ಕೆಳಗೆ ಇನ್ನೇನೋ ಉಬ್ಬಿಕೊಂಡು ಬರುತ್ತಿತ್ತು. ಹಿಟ್ಟನ್ನು ಎಂದಿಗಿಂತ ಜೋರಾಗಿ ನಾದಿದಳು. ಮೈಭಾರ ಬಲಕ್ಕೆ ಒರಗಿತು. ಹಿಂದಿನಿಂದ ಸಣ್ಣ ದನಿ ಬಂತು:

"ಸೊಂಟ ಕಣೇ."

ಅಮೂಲ್ಯಾ ಫಕ್ಕನೆ ನಕ್ಕಳು. ಮೊದಲು ಅವಳು, ಆಮೇಲೆ ಲಕ್ಷ್ಮೀಪತಿ. ಸತ್ಯವತಿ ನಗಬಾರದೆಂದು ತುಟಿ ಕಚ್ಚಿಕೊಂಡಳು, ಆಗಲಿಲ್ಲ.

ಡಾಕ್ಟರಿಗೆ ಫೋನು ಮಾಡಿ ನಿಜ ಹೇಳಿದರು. ಅವರು ಒಂದು ನಿಮಿಷ ನಕ್ಕು, ಆಮೇಲೆ ನಗದೆ, ಅತ್ತೆಯನ್ನೂ ಒಮ್ಮೆ ಕರೆದುಕೊಂಡು ಬರಬೇಕೆಂದೂ, ಆ ವಯಸ್ಸಿನಲ್ಲಿ ಆ ಮಾತ್ರೆಯನ್ನೇ ಮರುಪರಿಶೀಲಿಸಬೇಕೆಂದೂ ಹೇಳಿದರು. ಸತ್ಯವತಿಗೆ ಹೊಟ್ಟೆಯ ಉರಿಗೆ ಬೇರೆ ಮಾತ್ರೆ ಬರೆದರು. ಇಂಜೆಕ್ಷನ್ ಅಕ್ಟೋಬರ್ ಹದಿಮೂರಕ್ಕೆ ಹೋಯಿತು.

ಮಾತ್ರೆಯಿಲ್ಲದ ಆ ಎರಡು ವಾರದಲ್ಲಿ ಗ್ರಾಫಿನ ಗೆರೆ ಮೊದಲ ನಾಲ್ಕು ದಿನ ಏಳರ ಮೇಲೆ ಏರಿ ಕೂತಿತು. ಸತ್ಯವತಿ ರಜೆ ಹಾಕಲಿಲ್ಲ. ಮೈದಾನದ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತೇ ಕೂಗಿದಳು. ಗುರುಸಿದ್ದಯ್ಯ ವರಾಂಡದಿಂದ ಆ ಕುರ್ಚಿಯನ್ನು ನೋಡಿಕೊಂಡು ಹೋದರು. ಅವತ್ತು ಅವಳು ಮನೆಗೆ ಬಂದು, "ಮಧ್ವೇಶ್‌ಗೆ ರೂಲ್ಸ್ ಬುಕ್ ಕೊಟ್ಟೆ," ಅಂದಳು. ಅನ್ನ ಅರ್ಧ ಬಿಟ್ಟಳು.

ಆದರೆ ಐದನೇ ದಿನ ಏಳು ಆರೂವರೆಯಾಯಿತು. ಒಂಬತ್ತನೇ ದಿನ ಐದೂವರೆ. ಮಂಗಳವಾರವೂ ಐದೂವರೆ, ಬುಧವಾರವೂ ಐದೂವರೆ. ಲಕ್ಷ್ಮೀಪತಿ ಆ ಚಪ್ಪಟೆ ಗೆರೆಯನ್ನು ನೋಡಿ, ಮೊಮ್ಮಗು ಹುಟ್ಟಿದಷ್ಟು ಸಂಭ್ರಮಪಟ್ಟ.

"ನೋಡೇ, ನೋಡೇ! ಕಣಿವೆ ಇಲ್ಲ, ಗುಡ್ಡ ಇಲ್ಲ! ಇದು ನಿಂದೇ ಇಳಿತ ಕಣೇ, ಯಾರೂ ಕೈ ಹಾಕಿಲ್ಲ!"

ಬೆಳಗಿನ ವ್ಯಾಯಾಮದ ಹೊತ್ತಿಗೆ ನರಸಮ್ಮ ಸೋಫಾದ ತುದಿಗೆ ಬಂದು ಕೂರಲು ಶುರುಮಾಡಿದರು. ಮೂರನೇ ದಿನ ಒಂಟಿಕಾಲಿನ ಸರದಿ ಬಂದಾಗ ಗಂಟಲು ಸರಿಮಾಡಿಕೊಂಡು, "ಗಡಿಯಾರ ನೋಡಿದ್ರೆ ಕಾಲು ನಡುಗತ್ತೆ. ನನ್ನ ಕಡೆ ನೋಡು, ನಾನು ಎಣಿಸ್ತೀನಿ," ಅಂದರು. ಅವರ ಎಣಿಕೆ ಸೆಕೆಂಡಿಗಿಂತ ನಿಧಾನ. ಲಕ್ಷ್ಮೀಪತಿ ತಿದ್ದಲು ಬಾಯಿ ತೆರೆದ. ಸತ್ಯವತಿ ಒಂಟಿಕಾಲಿನಲ್ಲೇ ಅವನತ್ತ ಕಣ್ಣು ಬಿಟ್ಟಳು. ಅವನು ಬಾಯಿ ಮುಚ್ಚಿದ.

ಇಂಜೆಕ್ಷನ್ ದಿನ ಕ್ಲಿನಿಕ್ಕಿನಲ್ಲಿ ಎಲ್ಲರಿಗಿಂತ ಹೆಚ್ಚು ಉತ್ಸಾಹ ಲಕ್ಷ್ಮೀಪತಿಯದ್ದೇ. ರಕ್ತದ ನಳಿಕೆ ಮಿಷನ್ನಿನೊಳಗೆ ಹೋದಾಗ, "ನಿಮಿಷಕ್ಕೆ ಎಷ್ಟು ಸುತ್ತು?" ಎಂದು ಕೇಳಿದ. ನರ್ಸು ಹೇಳಿದಳು. "ಎಷ್ಟು ನಿಮಿಷ?" ಅದನ್ನೂ ಹೇಳಿದಳು. ನಳಿಕೆ ಹೊರಬಂದಾಗ ಕೆಳಗೆ ಕೆಂಪು, ಮೇಲೆ ಹೊಂಬಣ್ಣದ ತಿಳಿ, ನಡುವೆ ತೆಳ್ಳಗೆ ಬಿಳಿಪದರ.

"ಸತ್ಯಾ, ಬಣ್ಣ ನೋಡೇ! ಎಳ್ಳೆಣ್ಣೆ ಥರ!"

"ರೀ, ಸೂಜಿ ನಂಗೆ ಚುಚ್ತಿರೋದು, ಸುಮ್ನಿರಿ."

ಡಾಕ್ಟರು ಸ್ಕ್ಯಾನಿನ ಪರದೆ ನೋಡಿಕೊಂಡು ಸೂಜಿ ಇಳಿಸಿದರು. ಸತ್ಯವತಿ ಅಮೂಲ್ಯಾಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಮಗಳೇ ಮೊದಲು ಚೀರಿದಳು.

"ನಾಲ್ಕೈದು ದಿನ ನೋವು ಜಾಸ್ತಿ ಆಗಬಹುದು, ಹೆದರ್ಬೇಡಿ," ಡಾಕ್ಟರು ಪಟ್ಟಿ ಅಂಟಿಸುತ್ತ ಹೇಳಿದರು. "ಗುಣ ಕಾಣೋಕೆ ವಾರಗಳೇ ಬೇಕು. ಮೆಲ್ಲಗೆ ವ್ಯಾಯಾಮಕ್ಕೆ ವಾಪಸ್ ಬನ್ನಿ. ಮತ್ತೆ," ಅವರು ನಕ್ಕರು, "ಕಷಾಯ ಬೇಡ."

ನಾಲ್ಕು ದಿನ ನಿಜವಾಗಿಯೂ ಕಷ್ಟವಾಯಿತು. ಅಮೂಲ್ಯಾ ಅಡುಗೆ ಮಾಡಿದಳು. ಉಪ್ಪಿಟ್ಟು ಒಂದು ದಿನ ಪಾಯಸದ ಹಾಗಿತ್ತು, ಮರುದಿನ ಮರಳಿನ ಹಾಗಿತ್ತು. ನರಸಮ್ಮ ಸೊಸೆಯ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಕೈಗಳು ಏನನ್ನೋ ಕುಟ್ಟಲು ಹಂಬಲಿಸುತ್ತಿದ್ದವು. ಅವಕ್ಕೆ ಬಟಾಣಿ ಬಿಡಿಸುವ ಕೆಲಸ ಕೊಟ್ಟರು.

"ತುಂಬಾ ನೋಯ್ತಾ ಇದ್ಯೇನೇ?"

"ಏಳು, ಅತ್ತೆ."

"ಏಳಾ?" ಅವರು ಬಟಾಣಿ ಸಿಪ್ಪೆ ಹಿಡಿದು ಒಂದು ಗಳಿಗೆ ಯೋಚಿಸಿದರು. "ನಮ್ಮ ಕಾಲದಲ್ಲಿ ನೋವಿಗೆ ನಂಬರ್ ಇರ್ಲಿಲ್ಲ. ಇದೆ, ಇಲ್ಲ, ಅಷ್ಟೇ. ಇದೆ ಅನ್ನೋಕೂ ಯಾರನ್ನಾದ್ರೂ ಕೇಳ್ಬೇಕಿತ್ತು."

ಐದನೇ ದಿನ ಸತ್ಯವತಿ ಎದ್ದಳು. ಎರಡನೇ ವಾರಕ್ಕೆ ಗೆರೆ ನಾಲ್ಕಕ್ಕೆ ಬಂತು. ಹದಿನೇಳು ಇಪ್ಪತ್ತಾಯಿತು, ಇಪ್ಪತ್ತು ಇಪ್ಪತ್ಮೂರಾಯಿತು. ಯಾವುದರಿಂದ ಹೀಗಾಯಿತು, ಇಂಜೆಕ್ಷನ್ನಿನಿಂದಲೋ, ವ್ಯಾಯಾಮದಿಂದಲೋ, ಸೊಂಟ ಬೀಳಿಸದೆ ನಿಂತದ್ದರಿಂದಲೋ, ಎಂದು ಲಕ್ಷ್ಮೀಪತಿ ತಲೆ ಕೆರೆದುಕೊಂಡ. "ಒಂದೇ ಸಲ ಎಲ್ಲಾನೂ ಬದಲಾಯಿಸಿದ್ರೆ ಕಾರಣ ಹೇಳೋಕಾಗಲ್ಲ ಕಣೇ."

"ಕಾರಣ ನೀವು ಹುಡುಕ್ತಾ ಇರಿ. ನಾನು ಶಾಲೆಗೆ ಹೋಗ್ಬರ್ತೀನಿ."

ನವೆಂಬರ್ ನಾಲ್ಕರ ಬೆಳಗ್ಗೆ ಆರಕ್ಕೆ ಮೈದಾನದ ಹುಲ್ಲಿನ ಮೇಲೆ ಇನ್ನೂ ಇಬ್ಬನಿಯಿತ್ತು. ಕುರ್ಚಿ ವರಾಂಡದಲ್ಲೇ ಉಳಿದಿತ್ತು. ಎಂಟು ಹುಡುಗಿಯರು ಸಾಲಾಗಿ ಕುಕ್ಕರಗಾಲಲ್ಲಿ ಕೂತರು, ಧನ್ಯಶ್ರೀ ಅಟ್ಟಿಸಲು ನಿಂತಳು. ಸತ್ಯವತಿ ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಂಚಿ, ನೆಟ್ಟಗೆ ನಿಂತು ವಿಶಲ್ ಊದಿದಳು. ಹೊರಗೆ ಸೊಪ್ಪಿನ ಗಾಡಿ ನಿಂತಿತೋ ಇಲ್ಲವೋ, ವರಾಂಡದಲ್ಲಿ ಗುರುಸಿದ್ದಯ್ಯ ನಿಂತರು.

ಒಂದೂಕಾಲು ಗಂಟೆ ಅವಳು ಸಾಲಿನ ಈ ಕಂಬದಿಂದ ಆ ಕಂಬಕ್ಕೆ ನಡೆದಳು, ಕೂಗಿದಳು, ಕೈ ಬೀಸಿದಳು. "ಧನ್ಯಾ, ಖೋ ಕೊಡೋವಾಗ ಮುಟ್ಟಿ ಆಮೇಲೆ ಕೂಗು, ಕೂಗಿ ಮುಟ್ಟಬೇಡ ಕಣೇ!" ಒಮ್ಮೆ, ಯಾರೂ ಹೇಳದೆ, ಕಂಬದ ಸುತ್ತ ಹೇಗೆ ತಿರುಗಬೇಕೆಂದು ತೋರಿಸಲು ನಾಲ್ಕು ಹೆಜ್ಜೆ ಓಡಿಯೇಬಿಟ್ಟಳು. ಹುಡುಗಿಯರು ಹೋ ಎಂದು ಕಿರುಚಿದರು. ಮಧ್ವೇಶ್ ರೂಲ್ಸ್ ಪುಸ್ತಕವನ್ನು ತಲೆಯ ಮೇಲೆ ಎತ್ತಿ ಕುಣಿದ.

ಗುರುಸಿದ್ದಯ್ಯ ಮೆಟ್ಟಿಲಿಳಿದು ಬಂದರು. "ಹೆಸರು ಕಳಿಸ್ತೀನಿ ಮೇಡಂ. ಕುರ್ಚೀನೂ ಕಳಿಸ್ಲಾ ಕೆಂಗೇರಿಗೆ?"

"ಮಧ್ವೇಶ್‌ಗೆ ಬೇಕಾಗತ್ತೆ ಸಾರ್, ಕಳಿಸಿ."

ಅವತ್ತು ಸಂಜೆ ಒಂಟಿಕಾಲು ನರಸಮ್ಮನ ಎಣಿಕೆಯಲ್ಲಿ ಇಪ್ಪತ್ತೇಳಕ್ಕೆ ಬಂತು. ಲಕ್ಷ್ಮೀಪತಿಯ ಗಡಿಯಾರ ಆಗಲೇ ಮೂವತ್ತೊಂದು ತೋರಿಸುತ್ತಿತ್ತು. ಅವನು ಬಾಯಿ ಬಿಡಲಿಲ್ಲ. ನರಸಮ್ಮ ತಮ್ಮ ಮೂವತ್ತು ಮುಗಿಸುವವರೆಗೂ ಸತ್ಯವತಿ ನಿಂತೇ ಇದ್ದಳು.

ಕೆಂಗೇರಿಯಲ್ಲಿ ಎರಡು ದಿನ ಪಂದ್ಯ. ಮೊದಲ ದಿನ ಎರಡು ಗೆಲುವು. ಎರಡನೇ ದಿನ ಸೆಮಿಫೈನಲ್ಲಿನಲ್ಲಿ ಕೊನೆಯ ನಿಮಿಷದವರೆಗೂ ಸಮಸಮ; ಧನ್ಯಶ್ರೀ ಕಂಬದ ಹತ್ತಿರ ನೆಲಕ್ಕೆ ಹಾರಿ ಬೆರಳ ತುದಿಯಲ್ಲಿ ಎದುರಾಳಿಯ ಹಿಮ್ಮಡಿ ಮುಟ್ಟಿದಳು. ಫೈನಲ್ಲಿನಲ್ಲಿ ಎರಡು ಅಂಕಕ್ಕೆ ಸೋತರು. ಆದರೂ ಬಸ್ಸಿನಲ್ಲಿ ಹುಡುಗಿಯರು ಬೆಳ್ಳಿಯ ಬಣ್ಣದ ಕಪ್ಪನ್ನು ಕೈಯಿಂದ ಕೈಗೆ ದಾಟಿಸುತ್ತ ವಿಜಯನಗರದವರೆಗೂ ಹಾಡಿದರು.

ಸತ್ಯವತಿ ಮನೆಯ ಮೆಟ್ಟಿಲು ಹತ್ತಿದಳು. ಏಳನೆಯದರಲ್ಲಿ ನಿಲ್ಲಲಿಲ್ಲ. ಹನ್ನೆರಡನೆಯದರಲ್ಲಿ ಒಂದು ಉಸಿರು ತೆಗೆದುಕೊಂಡಳು, ಅಷ್ಟೆ. ಮೇಲಿನ ಬಾಗಿಲಲ್ಲಿ ಮೂವರೂ ಕಾದಿದ್ದರು. ಅಮೂಲ್ಯಾ "ಗೆದ್ರಾ?" ಅಂದಳು. ಲಕ್ಷ್ಮೀಪತಿ "ನೋವೆಷ್ಟು?" ಅಂದ. ನರಸಮ್ಮ ಅವರಿಬ್ಬರನ್ನೂ ಮೊಣಕೈಯಿಂದ ಸರಿಸಿ ಮುಂದೆ ಬಂದರು.

"ನಿಂತ್ಕೊಂಡಿದ್ಯಾ?"

"ಎರಡು ದಿನಾನೂ ನಿಂತೇ ಇದ್ದೆ ಅತ್ತೆ. ಎರಡೂ ಕಾಲ ಮೇಲೆ."

ಮುದುಕಿ ತಲೆಯಾಡಿಸಿದರು, ಇನ್ನೇನೂ ಕೇಳಬೇಕಾದ್ದಿಲ್ಲ ಎನ್ನುವ ಹಾಗೆ. ಊಟಕ್ಕೆ ಕೂತಾಗ ಎರಡನೇ ಕಪ್ಪು ಮೊದಲನೆಯದರ ಪಕ್ಕದಲ್ಲಿತ್ತು. ಸೋತ ಎರಡು ಅಂಕದ ಕಥೆಯನ್ನು ಸತ್ಯವತಿ ಚಟ್ನಿ, ಉಪ್ಪಿನಕಾಯಿ, ಹಪ್ಪಳಗಳನ್ನು ಆಟಗಾರರ ಹಾಗೆ ತಟ್ಟೆಯಲ್ಲಿ ನಿಲ್ಲಿಸಿ ವಿವರಿಸಿದಳು. ಊಟ ಮುಗಿಸಿ ಲಕ್ಷ್ಮೀಪತಿ ಫ್ರಿಜ್ಜಿನ ಮುಂದೆ ನಿಂತು ಆ ದಿನದ ಚುಕ್ಕೆ ಇಟ್ಟ: ಮೂರು.

"ಆ ಹಾಳೇಲಿ ಇನ್ನೂ ಜಾಗ ಇದ್ಯೇನೋ?" ಹಿಂದಿನಿಂದ ನರಸಮ್ಮ ಕೇಳಿದರು.

"ಯಾಕಮ್ಮ?"

ಅವರು ಕುರ್ಚಿಯ ತುದಿಗೆ ಸರಿದು, ಸೀರೆಯ ಅಂಚು ಸ್ವಲ್ಪ ಮೇಲೆತ್ತಿ, ಊದಿಕೊಂಡಿದ್ದ ಎಡ ಮಂಡಿಯನ್ನು ದೀಪದ ಬೆಳಕಿಗೆ ಚಾಚಿದರು.

"ನಂದೂ ಒಂದು ಗೆರೆ ಎಳಿ. ಬೇರೆ ಬಣ್ಣದಲ್ಲಿ."

ಅಮೂಲ್ಯಾ ತನ್ನ ಚೀಲದಿಂದ ಹಸಿರು ಪೆನ್ನು ತೆಗೆದು ಅಪ್ಪನ ಕೈಗಿಟ್ಟಳು. ಸತ್ಯವತಿ ಅತ್ತೆಯ ಮುಂದೆ ಒಂದು ಸ್ಟೂಲು ಎಳೆದುಕೊಂಡು ನೆಟ್ಟಗೆ ಕೂತು, ಆ ಮಂಡಿಯ ಮೇಲೆ ಅಂಗೈ ಇಟ್ಟಳು.

"ಎಷ್ಟು ಅತ್ತೆ? ಸೊನ್ನೆಯಿಂದ ಹತ್ತರ ಒಳಗೆ."

"ಏನ್ ಮಹಾ, ಒಂದೆರಡು..." ಎಂದು ಶುರುಮಾಡಿದ ನರಸಮ್ಮ ಸೊಸೆಯ ಮುಖ ನೋಡಿ ನಿಲ್ಲಿಸಿದರು. ಐದು ವರ್ಷದಲ್ಲಿ ಮೊದಲ ಸಲ ನಿಜ ಹೇಳಿದರು:

"ಎಂಟು ಕಣೇ."

"ಎಂಟು," ಅಂದಳು ಸತ್ಯವತಿ. "ಬರ್ಕೊಳಿ."